ದಾಕ್ಷಾಯಿಣಿಯ ಕೂದಲು, ಅಮ್ಮನ ಬಳೆ

ಅಜ್ಜನ ಮನೆಯಲ್ಲಿ ಒಬ್ಬರು ದೊಡ್ಡಜ್ಜಿ ಇದ್ದರು. ಅಜ್ಜನ ಸೋದರತ್ತೆ. ಕೆಂಪು ಸೀರೆ, ರವಿಕೆ ಇಲ್ಲ, ತಲೆ ಮೇಲೆ ಯಾವಾಗಲೂ ಸೆರಗು. ನನಗಾಗ ಆರೋ ಏಳೋ ವರ್ಷ. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದರು. ಊಟ ಮುಗಿದು ಮಡಿ ಬಿಟ್ಟ ಹೊತ್ತು. ನಾನು ಹಿಂದಿನಿಂದ ಹೋಗಿ ಸೆರಗು ಎಳೆದುಬಿಟ್ಟೆ. ಕೆಳಗೆ ಬೆಳ್ಳಗೆ, ಮೋಟು ಮೋಟು ಕೂದಲು. ಕೊಯ್ಲಾದ ಗದ್ದೆಯ ಕೂಳೆ ಥರ. ಬೈತಾರೆ ಅಂದುಕೊಂಡು ಓಡಲು ತಯಾರಾಗಿದ್ದೆ. ಬೈಯಲಿಲ್ಲ. "ಮುಟ್ಟಿ ನೋಡ್ತೀಯನೇ? ಚುಚ್ತದೆ" ಅಂದರು. ಮುಟ್ಟಿದೆ. ಚುಚ್ಚಿತು. ಇಬ್ಬರೂ ನಕ್ಕೆವು.

ಅದನ್ನು ತಮಾಷೆ ಅಂತಲೇ ಎಷ್ಟೋ ವರ್ಷ ನೆನಪಿಟ್ಟುಕೊಂಡಿದ್ದೆ.

ಆಮೇಲೆ ಕಾಲೇಜು. ಇಂಗ್ಲಿಷ್ ಸಾಹಿತ್ಯದ ಕ್ಲಾಸಿನಲ್ಲಿ ನಾರ್ವೆಯ ಇಬ್ಸೆನ್ ಬರೆದ 'ಎ ಡಾಲ್ಸ್ ಹೌಸ್' ನಾಟಕದ ನೋರಾ ಬಂದಳು. 1879ರ ನಾಟಕ. ಕೊನೆಯಲ್ಲಿ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಮನೆಯಿಂದ ಹೊರಟುಬಿಡುತ್ತಾಳೆ, ಹಿಂದೆ ಬಾಗಿಲು ಮುಚ್ಚಿದ ಸದ್ದು ಕೇಳುತ್ತೆ. ಆ ಬಾಗಿಲಿನ ಸದ್ದು ಇಡೀ ಯುರೋಪಿಗೆ ಕೇಳಿಸಿತು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರೆ ನಮಗೆಲ್ಲ ಮೈ ಜುಮ್ ಅನ್ನುತ್ತಿತ್ತು. ಹಾಸ್ಟೆಲಿಗೆ ಬಂದು ನಾವು ಗೆಳತಿಯರು ಗಂಟೆಗಟ್ಟಲೆ ಮಾತಾಡಿದೆವು. ಹೆಣ್ಣು ಅಂದ್ರೆ ಹೀಗಿರಬೇಕು, ಎದ್ದು ಹೋಗಬೇಕು. ನಮ್ಮ ಕಾದಂಬರಿಗಳಲ್ಲಿ ಇಂಥವಳು ಒಬ್ಬಳೂ ಇಲ್ಲವಲ್ಲ, ಬರೀ ಅಳೋರೇ ಜಾಸ್ತಿ ಅಂತ ನಾನೇ ಜೋರಾಗಿ ಹೇಳಿದ್ದೆ. ಹತ್ತೊಂಬತ್ತರ ವಯಸ್ಸು. ಓದಿದ್ದು ಕಡಿಮೆ, ತೀರ್ಪು ಜಾಸ್ತಿ.

ಆ ಸಲ ದಸರಾ ರಜೆಗೆ ಊರಿಗೆ ಹೋದಾಗ ಅಮ್ಮನ ಕಪಾಟಿನಲ್ಲಿ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಸಿಕ್ಕಿತು. ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ರಟ್ಟು ಹಾಕಿ, ಒಳಗೆ ಒಂದು ಕಡೆ ಸಾರಿನ ಕಲೆ. ಸಣ್ಣ ಪುಸ್ತಕ. ಒಂದೇ ರಾತ್ರಿ ಓದಿ ಮುಗಿಸಿದೆ. ಮುಗಿಸಿದಾಗ ದೊಡ್ಡಜ್ಜಿಯ ತಲೆ ಅಂಗೈಗೆ ಚುಚ್ಚಿದ್ದು ನೆನಪಾಯಿತು. ಈ ಸಲ ನಗು ಬರಲಿಲ್ಲ.

ಓದದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಫಣಿಯಮ್ಮ ನಿಜವಾಗಿ ಬದುಕಿದ್ದವರು, ಮಲೆನಾಡಿನವರು, ಲೇಖಕಿಯ ಮನೆತನದವರೇ. ಹುಟ್ಟಿದ್ದು 1840ರಲ್ಲಿ, ತೀರಿಕೊಂಡಿದ್ದು 1952ರಲ್ಲಿ. ಲೆಕ್ಕ ಹಾಕಿ, 112 ವರ್ಷ. ಬಾಲ್ಯದಲ್ಲೇ ಮದುವೆ. ಮದುವೆಯಾದ ಸ್ವಲ್ಪ ದಿನಕ್ಕೇ ಹುಡುಗ ಹಾವು ಕಚ್ಚಿ ಸತ್ತ. ಗಂಡ ಅಂದರೆ ಏನು ಅಂತ ತಿಳಿಯುವ ಮೊದಲೇ ಅವಳು ವಿಧವೆ. ಮೈನೆರೆಯುವ ತನಕ ಕಾದು, ಆಮೇಲೆ ತಲೆ ಬೋಳಿಸಿ ಮಡಿ ಮಾಡಿದರು. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಅದೇ ವೇಷ.

ಒಂದು ವಿಷಯ ನೋಡಿ. ವಿಧವೆಯರು ಮತ್ತೆ ಮದುವೆಯಾಗಬಹುದು ಅನ್ನುವ ಕಾನೂನು ಬಂದಿದ್ದು 1856ರಲ್ಲಿ. ಆಗ ಫಣಿಯಮ್ಮನಿಗೆ ಹದಿನಾರು. ಕಲ್ಕತ್ತೆಯಲ್ಲಿ ವಿದ್ಯಾಸಾಗರರು ಹೋರಾಡಿ ತಂದ ಆ ಕಾನೂನಿಗೂ ಮಲೆನಾಡಿನ ಆ ಅಡಿಗೆಮನೆಗೂ ನಡುವೆ ಎಷ್ಟು ಕಾಡು, ಎಷ್ಟು ಹೊಳೆ. ಹಾಗೇ ಫಣಿಯಮ್ಮ ತೀರಿಕೊಂಡ ವರ್ಷದ ಹೊತ್ತಿಗೆ ದೇಶದ ಮೊದಲ ಮಹಾಚುನಾವಣೆ ನಡೆದು ಹೆಂಗಸರು ವೋಟು ಹಾಕಿಯಾಗಿತ್ತು. ಅಷ್ಟೆಲ್ಲ ಹೊರಗೆ ಬದಲಾಗುವಾಗ ಇವರು ಒಳಗೆ ತರಕಾರಿ ಹೆಚ್ಚುತ್ತಾ, ಬಾಣಂತಿಯರನ್ನು ನೋಡಿಕೊಳ್ಳುತ್ತಾ, ಒಪ್ಪೊತ್ತು ಉಣ್ಣುತ್ತಾ ಇದ್ದರು.

ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಒಂದು ಸಲವಾದರೂ ಕೂಗಬಾರದಾ? ಒಂದು ಪಾತ್ರೆಯನ್ನಾದರೂ ಎತ್ತಿ ಒಗೆಯಬಾರದಾ? ಇಷ್ಟು ಒಳ್ಳೆಯವರಾಗಿರೋದು ಯಾಕೆ? ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಲೇಖಕಿ ಫಣಿಯಮ್ಮನನ್ನು ಕೆಲವು ಕಡೆ ದೇವರ ಪಟದ ಹಾಗೆ ಗೋಡೆಗೆ ತೂಗುಹಾಕಿಬಿಡುತ್ತಾರೆ, ಹೂ ಏರಿಸೋದೊಂದು ಬಾಕಿ. ಅಷ್ಟು ತ್ಯಾಗ ಓದಿ ಓದಿ ನನಗೆ ಉಸಿರು ಕಟ್ಟುತ್ತೆ.

ಆದರೆ ಮಧ್ಯದಲ್ಲಿ ದಾಕ್ಷಾಯಿಣಿ ಬರುತ್ತಾಳೆ.

ದಾಕ್ಷಾಯಿಣಿ ಇನ್ನೂ ಹುಡುಗಿ. ಗಂಡ ಸತ್ತಿದ್ದಾನೆ. ತಲೆ ಬೋಳಿಸಬೇಕು ಅಂತ ಅತ್ತೆ ಹಟ ಹಿಡಿದಿದ್ದಾಳೆ. ದಾಕ್ಷಾಯಿಣಿ ಒಪ್ಪುವುದಿಲ್ಲ. ಮನೆಯಲ್ಲಿ ಗಲಾಟೆ. ಸಕೇಶಿ, ಅಂದರೆ ತಲೆ ಬೋಳಿಸದ ವಿಧವೆ ಅಡಿಗೆ ಮುಟ್ಟುವ ಹಾಗಿಲ್ಲ, ದೇವರ ಮನೆಗೆ ಹೋಗುವ ಹಾಗಿಲ್ಲ, ಊರು ಏನನ್ನುತ್ತೆ, ಎಲ್ಲ ಮಾತೂ ಆಗುತ್ತೆ. ಇಂಥ ಹೊತ್ತಲ್ಲಿ ಮಾತು ಫಣಿಯಮ್ಮನ ಮುಂದೆ ಬರುತ್ತೆ. ಅವರಷ್ಟು ಮಡಿ ಮಾಡಿದವರು ಸುತ್ತಲ ಹತ್ತೂರಲ್ಲಿ ಇಲ್ಲವಲ್ಲ. ಆ ಹೆಂಗಸು, ಯಾರ ತಲೆಯ ಮೇಲೆ ಎಷ್ಟೋ ವರ್ಷ ಕತ್ತಿ ಆಡಿದೆಯೋ ಆ ಹೆಂಗಸು, ಹುಡುಗಿಯ ಪರ ನಿಲ್ಲುತ್ತಾಳೆ. ಬೇಡ ಅನ್ನುತ್ತಾಳೆ. ಕಾಲ ಬದಲಾಗುತ್ತಿದೆ, ಆ ಮಗುವನ್ನು ಅದರ ಪಾಡಿಗೆ ಬಿಡಿ ಅನ್ನುವ ಧಾಟಿಯಲ್ಲಿ.

ಈ ಜಾಗವನ್ನು ನಾನು ಬೇರೆ ಬೇರೆ ವಯಸ್ಸಿನಲ್ಲಿ ನಾಲ್ಕೈದು ಸಲ ಓದಿದ್ದೇನೆ. ನಮ್ಮಲ್ಲಿ "ಹೆಣ್ಣಿಗೆ ಹೆಣ್ಣೇ ಶತ್ರು" ಅಂತ ಒಂದು ಮಾತಿದೆ ಅಲ್ವಾ. ಮದುವೆ ಮನೆಯಿಂದ ಹಿಡಿದು ಟಿವಿ ಧಾರಾವಾಹಿಯ ತನಕ ಎಲ್ಲರ ಬಾಯಲ್ಲೂ ಅದೇ. ಗಂಡಸರು ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತೆ, ಗಮನಿಸಿದ್ದೀರಾ? ನಾನು ಅನುಭವಿಸಿದೆ, ನೀನೂ ಅನುಭವಿಸು ಅನ್ನುವ ಅತ್ತೆ ನಮಗೆಲ್ಲ ಗೊತ್ತು. ಆ ಪಾತ್ರಕ್ಕೆ ನಮ್ಮಲ್ಲಿ ಬರವೇ ಇಲ್ಲ. ದಾಕ್ಷಾಯಿಣಿಯ ಅತ್ತೆ ಅದೇ ಅಚ್ಚು. ಫಣಿಯಮ್ಮ ಆ ಅಚ್ಚನ್ನು ಮುರಿಯುತ್ತಾಳೆ. ಹೆಣ್ಣು ಅಂದ್ರೆ ತಗ್ಗಿ ಬಗ್ಗಿ ನಡೆಯೋಳು ಅನ್ನುವುದನ್ನು ಮುರಿದವರು ಬೇಕಾದಷ್ಟು ಜನ ಸಿಗುತ್ತಾರೆ. ವಯಸ್ಸಾದ ಹೆಣ್ಣು ಅಂದ್ರೆ ಚಿಕ್ಕವಳ ಕಾಲಿಗೆ ಹಗ್ಗ ಕಟ್ಟುವವಳು ಅನ್ನುವ ಚಿತ್ರವನ್ನು ಮುರಿದವರನ್ನು ನಾವು ಅಷ್ಟಾಗಿ ಎಣಿಸುವುದೇ ಇಲ್ಲ.

ಇನ್ನೊಂದು. ಫಣಿಯಮ್ಮನ ಮಾತಿಗೆ ಅಷ್ಟು ತೂಕ ಬಂದಿದ್ದು ಎಲ್ಲಿಂದ? ಅವರ ಮಡಿಯಿಂದಲೇ. ನನಗೆ ಸಿಟ್ಟು ತರಿಸುತ್ತಿದ್ದ ಅದೇ ಒಳ್ಳೆಯತನದಿಂದ. ಅವರಲ್ಲಿ ಯಾರೂ ಒಂದು ಕೊಂಕು ಹುಡುಕೋ ಹಾಗಿರಲಿಲ್ಲ. ಹಾಗಾಗಿ ಅವರು "ಬೇಡ" ಅಂದಾಗ ಎದುರಾಡಲು ಯಾರಿಗೂ ಬಾಯಿ ಬರಲಿಲ್ಲ. ಬದುಕಿಡೀ ಪೈಸೆ ಪೈಸೆ ಕೂಡಿಟ್ಟ ಗಂಟನ್ನು ಆ ಮುದುಕಿ ಇನ್ಯಾರದೋ ಹುಡುಗಿಯ ಜಡೆಗೋಸ್ಕರ ಬಿಚ್ಚಿ ಸುರಿದ ಹಾಗೆ. ಇದು ನನಗೆ ಹೊಳೆದಿದ್ದು ಮೂವತ್ತೈದು ದಾಟಿದ ಮೇಲೆ. ಆಫೀಸಿನಲ್ಲಿ ನಾನೂ ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಸಂಪಾದಿಸಿದ "ತುಂಬಾ ಸೌಮ್ಯ ಮೇಡಂ" ಅನ್ನೋ ಹೆಸರನ್ನು, ಹೊಸದಾಗಿ ಸೇರಿದ ಒಬ್ಬಳು ಹುಡುಗಿಯ ರಜೆ ವಿಷಯದಲ್ಲಿ ಮೊದಲ ಸಲ ಖರ್ಚು ಮಾಡಿದ ದಿನ.

ದಾಕ್ಷಾಯಿಣಿ ಆಮೇಲೆ ಮೈದುನನ ಜೊತೆ ಸಂಬಂಧ ಬೆಳೆಸಿ ಬಸುರಾಗುತ್ತಾಳೆ. ಊರಿಗೆ ಹೆದರುವುದಿಲ್ಲ. ಅವಳ ಧೈರ್ಯದ ಬಗ್ಗೆ ಇನ್ನೂ ಒಂದು ಪೂರ್ತಿ ಕಾದಂಬರಿ ಬರೆಯಬಹುದಿತ್ತು, ಇಂದಿರಾ ಯಾಕೆ ಬರೆಯಲಿಲ್ಲ ಅಂತ ನನಗೆ ಒಂದು ಸಣ್ಣ ಕೊರಗು. ಅದೇ ಪುಸ್ತಕದಲ್ಲಿ ಫಣಿಯಮ್ಮ ಹೆರಿಗೆಯಲ್ಲಿ ಒದ್ದಾಡುತ್ತಿದ್ದ, 'ಮುಟ್ಟಬಾರದ' ಜಾತಿಯ ಹೆಣ್ಣೊಬ್ಬಳಿಗೆ ಕೈಯಾರೆ ಹೆರಿಗೆ ಮಾಡಿಸುವ ಭಾಗವೂ ಇದೆ. ಗೆರೆ ದಾಟುವುದು ಬೇಕಾದಾಗ ಆಕೆಗೆ ಮಡಿ ಅಡ್ಡ ಬರುವುದಿಲ್ಲ. ಮಾಡಿದ್ದನ್ನು ಭಾಷಣ ಮಾಡಿ ಹೇಳುವುದೂ ಇಲ್ಲ.

ಈ ಕತೆ ನಮ್ಮ ತನಕ ಬಂದ ದಾರಿಯೂ ಚೆನ್ನಾಗಿದೆ. ಫಣಿಯಮ್ಮ ತನ್ನ ಬದುಕಿನ ಸಂಗತಿ ಹೇಳಿಕೊಂಡಿದ್ದು ಇಂದಿರಾ ಅವರ ತಾಯಿಯ ಹತ್ತಿರ. ತಾಯಿ ಮಗಳಿಗೆ ಹೇಳಿದರು. ಮಗಳು 1976ರಲ್ಲಿ ಪುಸ್ತಕ ಮಾಡಿದರು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಎಂ.ಕೆ. ಇಂದಿರಾ ತಾವೂ ಹನ್ನೆರಡನೇ ವಯಸ್ಸಿಗೆ ಮದುವೆಯಾಗಿ ಬಂದವರು. ಮೊದಲ ಕಾದಂಬರಿ 'ತುಂಗಭದ್ರಾ' ಬಂದಿದ್ದು 1963ರಲ್ಲಿ, ಆಗ ಅವರಿಗೆ ನಲವತ್ತಾರು. ಸಂಸಾರ ಎಲ್ಲ ಒಂದು ದಡ ಸೇರಿದ ಮೇಲೆ ಪೆನ್ನು ಹಿಡಿದವರು. ನಲವತ್ತು ದಾಟಿದ ಮೇಲೆ ಏನು ಹೊಸದು ಕಲಿಯೋದು ಅಂತ ಗೊಣಗುವ ನನ್ನಂಥವರು ಇದನ್ನು ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿಕೊಳ್ಳಬೇಕು.

ಹಾಗಂತ ಎದ್ದು ಹೋದವರು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಲು ಬರುವುದಿಲ್ಲ. ಹಾಸ್ಟೆಲಿನಲ್ಲಿ ನಾನು ಆಡಿದ್ದು ಶುದ್ಧ ತಪ್ಪು ಮಾತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅನ್ನಿಸಿಕೊಂಡ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದಿದ್ದು 1899ರಲ್ಲಿ, ಮಂಗಳೂರಿನಲ್ಲಿ. ಅಲ್ಲಿನ ಇಂದಿರೆಯೂ ಸಣ್ಣ ವಯಸ್ಸಿನ ವಿಧವೆ. ಹೆತ್ತವರಿಗೆ ಕಪಟ ಸಂತರ ಹುಚ್ಚು. ಮಗಳನ್ನೂ ಅದೇ ದಾರಿಗೆ ಎಳೆಯಲು ನೋಡುತ್ತಾರೆ. ಆ ಸಂತರಲ್ಲಿ ಒಬ್ಬ ಅವಳ ಮೈಮೇಲೆ ಕೈಹಾಕಲು ಬರುತ್ತಾನೆ. ಅವಳು ಮನೆ ಬಿಟ್ಟು ಓಡಿಹೋಗಿ ಅಮೃತರಾಯ ಅನ್ನುವವರ ಮನೆ ಸೇರುತ್ತಾಳೆ. ಓದುತ್ತಾಳೆ. ಕೊನೆಗೆ ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಭಾಷೆ ಈಗ ಓದಲು ಸ್ವಲ್ಪ ಗಟ್ಟಿ, ಗ್ರಂಥಸ್ಥ. ಪಾತ್ರಗಳೂ ಒಂದಿಷ್ಟು ಕಪ್ಪು ಬಿಳುಪು. ಆದರೂ ಆ ಹುಡುಗಿ ಹೊಸ್ತಿಲು ದಾಟಿದ್ದು 1899ರಲ್ಲಿ ಅನ್ನೋದು ಸಣ್ಣ ಮಾತಲ್ಲ.

ಇಲ್ಲಿ ಅಮೃತರಾಯರ ಮನೆ ನನಗೆ ಮುಖ್ಯ. ಇಂದಿರೆ ಹೋಗಿ ಬಾಗಿಲು ತಟ್ಟಿದರೆ ತೆಗೆಯುವವರು ಇದ್ದರು. ಬಾಗಿಲು ಮುಚ್ಚಿಕೊಂಡು ಹೊರಡುವುದನ್ನು ಎಲ್ಲರೂ ಹೊಗಳುತ್ತಾರೆ. ಕತ್ತಲಲ್ಲಿ ಬಂದವಳಿಗೆ ಬಾಗಿಲು ತೆರೆಯುವವರು ಯಾರು ಅಂತ ಕೇಳುವವರು ಕಡಿಮೆ. ಫಣಿಯಮ್ಮನಿಗೆ ಅಂಥ ಮನೆ ಎಲ್ಲಿತ್ತು? ಹೊರಟರೆ ಹೋಗುವುದಾದರೂ ಎಲ್ಲಿಗೆ? ಕಾಡಿಗೆ, ಇಲ್ಲ ಕಾಶಿಗೆ, ಇಲ್ಲ ಬಾವಿಗೆ.

ಕಾಡು ಅಂದಾಗ ಕುವೆಂಪು 'ಮಲೆಗಳಲ್ಲಿ ಮದುಮಗಳು' ನೆನಪಾಗದೆ ಇರುತ್ತಾ. ಹೂವಳ್ಳಿ ಚಿನ್ನಮ್ಮ ಬೇಡದ ಮದುವೆಯಿಂದ ತಪ್ಪಿಸಿಕೊಂಡು ರಾತ್ರೋರಾತ್ರಿ ಕಾಡಿಗೆ ನುಗ್ಗುತ್ತಾಳಲ್ಲ, ಆಗ ಅವಳಿಗೆ ಜೊತೆಯಾಗುವವಳು ಪೀಂಚಲು. ಜಾತಿಯಲ್ಲೂ ಅಂತಸ್ತಿನಲ್ಲೂ ದೂರದೂರದ ಇಬ್ಬರು ಹುಡುಗಿಯರು. ಆ ಭಾಗದ ಬಗ್ಗೆ ಬರೆಯಲು ಹೊರಟರೆ ಇದು ಇಲ್ಲಿಗೆ ಮುಗಿಯುವುದಿಲ್ಲ, ಇನ್ನೊಮ್ಮೆ ನೋಡೋಣ.

ನನಗೆ ಫಣಿಯಮ್ಮನ ಪಕ್ಕದಲ್ಲೇ ಕೂರಿಸಬೇಕು ಅನ್ನಿಸುವುದು ಮೂಕಜ್ಜಿಯನ್ನು. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು', 1968. ಅದಕ್ಕೆ 1977ರಲ್ಲಿ ಜ್ಞಾನಪೀಠ ಬಂತು. ಮೂಕಜ್ಜಿಯೂ ಬಾಲವಿಧವೆ. ಎಂಬತ್ತರ ಆಸುಪಾಸಿನ ಮುದುಕಿ. ಮೊಮ್ಮಗ ಸುಬ್ಬರಾಯ ಏನಾದರೂ ಹಳೇ ವಸ್ತು ತಂದು ಕೈಗಿಟ್ಟರೆ ಮುಟ್ಟಿ, ಅದರ ಹಿಂದಿನ ಕಾಲವನ್ನೆಲ್ಲ ಕಂಡಂತೆ ಹೇಳುತ್ತಾಳೆ. ದೇವರು, ಹುಟ್ಟು, ಸಾವು, ಗಂಡು ಹೆಣ್ಣಿನ ಕೂಟ, ಯಾವುದಕ್ಕೂ ನಾಲಿಗೆ ತಡವರಿಸುವುದಿಲ್ಲ. ಬದುಕಿನಲ್ಲಿ ಗಂಡಿನ ಸುಖ ಕಾಣದ ಹೆಂಗಸು, ಅದರಲ್ಲಿ ಪಾಪ ಏನಿದೆ ಅಂತ ಕೇಳುತ್ತಾಳೆ. ನಮ್ಮ ಮನೆಗಳಲ್ಲಿ ಇವತ್ತಿಗೂ ಈ ಮಾತು ಬಂದರೆ ಟಿವಿ ಸೌಂಡು ಜಾಸ್ತಿ ಮಾಡುತ್ತಾರೆ.

ಫಣಿಯಮ್ಮನ ಮಾತು ನಡೆದಿದ್ದು ಅವರನ್ನು ಎಲ್ಲರೂ ಪೂಜಿಸುತ್ತಿದ್ದರು ಅಂತ. ಮೂಕಜ್ಜಿಯದು ಉಲ್ಟಾ. ಅವಳನ್ನು ಊರಿನವರು ಅಷ್ಟೇನೂ ಲೆಕ್ಕಕ್ಕಿಡುವುದಿಲ್ಲ, ಅರಳು ಮರಳು ಅಂದುಕೊಳ್ಳುತ್ತಾರೆ. ಅರಳು ಮರಳಿನವರು ಏನು ಬೇಕಾದರೂ ಹೇಳಬಹುದು, ತಡೆಯುವವರಿಲ್ಲ! ಕಾರಂತರು ಆ ಸಂದನ್ನು ಎಷ್ಟು ಚೆನ್ನಾಗಿ ಬಳಸಿಕೊಂಡರು ಅಂದರೆ, ಶಾಸ್ತ್ರ ಓದಿದವರಿಗೆ ಉತ್ತರ ಹೊಳೆಯದ ಪ್ರಶ್ನೆಗಳನ್ನೆಲ್ಲ ಅಶ್ವತ್ಥಕಟ್ಟೆಯ ಮುದುಕಿಯ ಬಾಯಲ್ಲಿ ಕೇಳಿಸಿಬಿಟ್ಟರು. ಕೆಲವು ಕಡೆ ಅಜ್ಜಿಯ ಬದಲು ಕಾರಂತರೇ ಮಾತಾಡುತ್ತಿದ್ದಾರೆ ಅನ್ನಿಸುತ್ತೆ, ಅದೂ ನಿಜ. ಇತಿಹಾಸದ ಪಾಠ ಉದ್ದವಾದ ಕಡೆ ನಾನು ಪುಟ ಹಾರಿಸಿದ್ದೂ ಉಂಟು. ಆದರೆ ನಾಗಿಯ ವಿಷಯ ಬಂದಾಗ ಅಜ್ಜಿ ಅಜ್ಜಿಯೇ. ನಾಗಿ ಗಂಡನಿಂದ ದೂರಾಗಿ ಇನ್ನೊಬ್ಬನ ಜೊತೆ ಇದ್ದವಳು. ಊರಿನ ಕಣ್ಣಲ್ಲಿ ಅವಳು ಏನು ಅಂತ ಹೇಳಬೇಕಾಗಿಲ್ಲ. ಮೂಕಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡು ಮಾತಾಡಿಸುತ್ತಾಳೆ, ಅವಳ ಸಂಕಟ ಕೇಳುತ್ತಾಳೆ. ತೀರ್ಪು ಕೊಡುವುದಿಲ್ಲ. ಮತ್ತೆ ಅದೇ. ದೊಡ್ಡವಳೊಬ್ಬಳು ಚಿಕ್ಕವಳ ಪಕ್ಕಕ್ಕೆ ಸರಿದು ಕೂತಿದ್ದು.

ಕಾರಂತರಿಗೆ ಈ ಜೋಡಿಗಳ ಬಗ್ಗೆ ಮೊದಲಿಂದಲೂ ಕಣ್ಣಿತ್ತು. 'ಮರಳಿ ಮಣ್ಣಿಗೆ'ಯ ಸರಸೋತಿ, ಪಾರೋತಿಯರನ್ನು ನೆನಪಿಸಿಕೊಳ್ಳಿ. ನಾದಿನಿ ಅತ್ತಿಗೆ. ನಾದಿನಿ ವಿಧವೆ, ಅತ್ತಿಗೆಗೆ ಮಕ್ಕಳಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ಇಬ್ಬರಿಗೂ ಜುಟ್ಟು ಜುಟ್ಟು ಹಿಡಿಸಿ ಮುನ್ನೂರು ಪುಟ ಎಳೆಯುತ್ತಿದ್ದರು. ಇಲ್ಲಿ ಇಬ್ಬರೂ ಸೇರಿ ಗದ್ದೆ ಕೆಲಸ ಮಾಡುತ್ತಾರೆ, ಮಳೆಗಾಲದ ನೀರಿನಲ್ಲಿ ತೇಲಿ ಬರುವ ಕಟ್ಟಿಗೆ ಹಿಡಿಯುತ್ತಾರೆ. ಪುರೋಹಿತಿಕೆಯ ರಾಮ ಐತಾಳರ ಸಂಸಾರ ನಿಂತಿರುವುದೇ ಈ ಇಬ್ಬರ ಬೆನ್ನ ಮೇಲೆ. ಐತಾಳರು ಎರಡನೇ ಮದುವೆ ಮಾಡಿಕೊಂಡು ಸತ್ಯಭಾಮೆಯನ್ನು ತಂದಾಗ ನೋವಾಗುತ್ತೆ, ಆಗದೆ ಇರುತ್ತಾ. ಆದರೆ ಹೆಂಗಸರ ಆ ಒಳಮನೆ ಒಡೆದು ಚೂರಾಗುವುದಿಲ್ಲ. ಬಂದವಳಿಗೂ ಅಲ್ಲೇ ಜಾಗವಾಗುತ್ತೆ. ಇದನ್ನು ಪ್ರತಿಭಟನೆ ಅಂತ ಯಾರೂ ಕರೆಯುವುದಿಲ್ಲ. ಸವತಿ ಅಂದರೆ ವಿಷ ಅಂತ ಹಾಡು ಹಾಡಿಕೊಂಡು ಬಂದ ಊರಲ್ಲಿ ಅದಕ್ಕಿಂತ ದೊಡ್ಡ ಪ್ರತಿಭಟನೆ ಏನಿದೆ ಅಂತ ನನಗಂತೂ ಗೊತ್ತಿಲ್ಲ.

ಕೆಲವು ಸಲ ಪಾತ್ರಕ್ಕಿಂತ ಬರೆದವರೇ ಗಟ್ಟಿ. ನಂಜನಗೂಡಿನ ತಿರುಮಲಾಂಬಾ ಅವರನ್ನು ಓದಿದಾಗ ಹಾಗೆ ಅನ್ನಿಸಿತು. 1887ರಲ್ಲಿ ಹುಟ್ಟಿದವರು, ಹದಿನಾಲ್ಕಕ್ಕೇ ವಿಧವೆ. 1913ರಲ್ಲಿ 'ಸುಶೀಲೆ' ಕಾದಂಬರಿ. ಅದರ ನಾಯಕಿ ಹೆಸರಿಗೆ ತಕ್ಕ ಹಾಗೆ ಸುಶೀಲೆಯೇ, ಪತಿಯೇ ದೈವ ಅನ್ನುವವಳು. ಓದಿ ಸಪ್ಪೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಬರೆದ ಹೆಂಗಸು 'ಸತೀಹಿತೈಷಿಣಿ' ಹೆಸರಲ್ಲಿ ಗ್ರಂಥಮಾಲೆ ನಡೆಸಿದರು, 1917ರಲ್ಲಿ 'ಕರ್ನಾಟಕ ನಂದಿನಿ' ಅಂತ ಪತ್ರಿಕೆಯನ್ನೇ ಶುರು ಮಾಡಿದರು. ಮೂಲೆಯಲ್ಲಿ ಕೂರಬೇಕಾಗಿದ್ದ ವಿಧವೆ ಕರಡು ತಿದ್ದುತ್ತಾ, ಚಂದಾ ಲೆಕ್ಕ ನೋಡುತ್ತಾ, ಬೇರೆ ಹೆಂಗಸರ ಕೈಲಿ ಬರೆಸುತ್ತಾ ಕೂತಿದ್ದರು. ಪುಸ್ತಕದ ಒಳಗಿನ ನಾಯಕಿ ತಲೆ ತಗ್ಗಿಸಿದ್ದರೂ ಪುಸ್ತಕದ ಹೊರಗಿನವರು ತಗ್ಗಿಸಿರಲಿಲ್ಲ. ಪಾಪ, ಒಂದನ್ನು ಮಾಡಲಿಕ್ಕೆ ಇನ್ನೊಂದನ್ನು ಮುಂದಿಟ್ಟರೋ ಏನೋ. ನನಗೆ ಹಾಗೆ ಅಂದುಕೊಳ್ಳಲು ಇಷ್ಟ.

ಇಷ್ಟೆಲ್ಲ ಹೇಳಿ ನಾನು ನೋರಾಳನ್ನು ಕೆಳಗಿಳಿಸುತ್ತಿಲ್ಲ. ಹೋಗಬೇಕಾದ ಮನೆಯಿಂದ ಹೋಗಲೇಬೇಕು. ಹೊಡೆಯುವ ಮನೆಯಲ್ಲಿ ಕೂತು ತಾಳ್ಮೆಯ ಪಾಠ ಓದು ಅಂತ ಯಾರಿಗಾದರೂ ಹೇಳಿದರೆ ಅದು ಕೊಲೆಗೆ ಸಮ. ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಹಾಗೆ ಹೊರಟಳು, ಸೂಟ್‌ಕೇಸು ಇಟ್ಟಿದ್ದು ನಮ್ಮ ಮನೆಯ ಹಾಲ್‌ನಲ್ಲಿ, ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ನನಗೆ ಅಮೃತರಾಯರ ಮನೆ ಅರ್ಥವಾಗಿದ್ದಷ್ಟು ಯಾವ ವಿಮರ್ಶೆಯಿಂದಲೂ ಆಗಿರಲಿಲ್ಲ.

ಅಪ್ಪ ತೀರಿಕೊಂಡು ಈಗ ಒಂಬತ್ತು ವರ್ಷ. ಹತ್ತನೇ ದಿನ ಮನೆ ತುಂಬ ಜನ. ಅಮ್ಮನನ್ನು ಕೂರಿಸಿ, ಹೂ ಮುಡಿಸಿ, ಆಮೇಲೆ ಅದೆಲ್ಲ ತೆಗೆಯುವ ಶಾಸ್ತ್ರ. ನಾನು ಬೇಡ ಅಂದೆ. ತಮ್ಮನೂ ಅಂದ. ನೀವು ಓದಿದವರು ಹಾಗೇ ಅಂತೀರಿ ಅಂತ ಯಾರೋ ಅಂದರು. ಅಮ್ಮ ಏನೂ ಮಾತಾಡಲಿಲ್ಲ, ಹಸಿರು ಬಳೆ ಹಾಕಿದ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಆಗ ಮೂಲೆಯಲ್ಲಿ ಗೋಡೆಗೊರಗಿದ್ದ ದೊಡ್ಡತ್ತೆ ಎದ್ದು ಬಂದರು. ಅಪ್ಪನ ಅಕ್ಕ. ಮಡಿ ಮೈಲಿಗೆಯಲ್ಲಿ ಅವರಷ್ಟು ಕಟ್ಟುನಿಟ್ಟು ಯಾರೂ ಇಲ್ಲ, ನಾವು ಮಕ್ಕಳೆಲ್ಲ ಹೆದರುತ್ತಿದ್ದುದೇ ಅವರಿಗೆ. ತಾವೂ ಗಂಡನನ್ನು ಕಳೆದುಕೊಂಡು ಮೂವತ್ತು ವರ್ಷ ಬರೀ ಕೈಯಲ್ಲಿ ಇದ್ದವರು. ಇನ್ನು ಮುಗಿಯಿತು ಅಂದುಕೊಂಡೆ.

ಅತ್ತೆ ಅಮ್ಮನ ಕೈ ಹಿಡಿದು ನೋಡಿದರು. "ಇದು ಗಾಜಿನ ಬಳೆ. ಇಲ್ಲಿ ಒಡೆದ್ರೆ ಮಕ್ಕಳ ಕಾಲಿಗೆ ಚುಚ್ತದೆ. ಸುಮ್ನೆ ಯಾಕೆ. ಇರ್ಲಿ ಬಿಡಿ" ಅಂದರು. ಅಷ್ಟೇ. ಆಮೇಲೆ ಪುರೋಹಿತರ ಕಡೆ ತಿರುಗಿ, ಊಟಕ್ಕೆ ಹೊತ್ತಾಯ್ತು, ಮುಂದಿನದ್ದು ನೋಡಿ ಅಂದರು. ಒಬ್ಬರೂ ತುಟಿ ಎರಡು ಮಾಡಲಿಲ್ಲ.

ಆವತ್ತು ರಾತ್ರಿ ಅತ್ತೆಯ ಹತ್ತಿರ ಕೂತು ಏನೋ ಕೇಳಬೇಕು ಅಂದುಕೊಂಡೆ. ಅವರು ಆಗಲೇ ಚಾಪೆ ಹಾಸಿಕೊಂಡು ಮಲಗಿದ್ದರು, ಮುಖ ಗೋಡೆ ಕಡೆ.

ಅಮ್ಮ ಈಗಲೂ ಬಳೆ ಹಾಕುತ್ತಾರೆ. ಹೋದ ವಾರ ಗಾಂಧಿಬಜಾರಿನಲ್ಲಿ ಒಂದು ಡಜನ್ ಹಸಿರು ಬಳೆ ತಂದೆ, ಎರಡು-ನಾಲ್ಕು ಸೈಜು. ವಯಸ್ಸಾಗಿ ಗಂಟು ದಪ್ಪವಾಗಿದೆ, ಕೈಗೆ ಏರಲಿಲ್ಲ. ಎರಡು-ಆರು ತಗೊಂಡು ಬಾ ಅಂದಿದ್ದಾರೆ, ಭಾನುವಾರ ಹೋಗಿ ಬದಲಾಯಿಸಬೇಕು.